ಶ್ರೀ ಅರ್ಜಿನೈನ್ ವ್ರತ ಮಹಾತ್ಮೆ

ಸತ್ಯನಾರಾಯಣನಿಗೆ ರವೆ, ಬಾಳೆಹಣ್ಣು, ತುಪ್ಪ ಸಾಕು. ಈ ಕಾಲದ ವ್ರತಕ್ಕೆ ಪ್ರೋಟೀನ್ ಅಂಗಡಿಯ ಡಬ್ಬಿಯೇ ಬೇಕು. ಅಧಿದೇವತೆ ಎಲ್-ಅರ್ಜಿನೈನ್ ಎಂಬ ಅಮೈನೋ ಆಮ್ಲ. ವ್ರತ ಹಿಡಿಯಬೇಕಾದವರು: ತೋಳಿನ ನರ ಉಬ್ಬಬೇಕೆನ್ನುವ ಜಿಮ್ ಹುಡುಗರು, ಬಿಪಿ ಇಳಿಯಬೇಕೆನ್ನುವ ನಡುವಯಸ್ಕರು, ಮತ್ತು ಏಳಬೇಕಾದ್ದು ಯಾವುದೆಂದು ಬಾಯಿಬಿಡಲಾಗದೆ ಅಂಗಡಿಯ ಸೀಲಿಂಗ್ ಫ್ಯಾನ್ ನೋಡುತ್ತ ನಿಲ್ಲುವ ಗಂಡಸರು.

ಸ್ಥಳಪುರಾಣ ಹೀಗಿದೆ. 1886ರಲ್ಲಿ ಲೂಪಿನ್ ಮೊಳಕೆಯಲ್ಲಿ ದೇವತೆ ಮೊದಲು ಕಾಣಿಸಿಕೊಂಡಿತು. ಇದರಿಂದ ದೇಹ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ, ರಕ್ತನಾಳ ಸಡಿಲವಾಗುತ್ತದೆ. ಆ ಅನಿಲದ ಮಹಿಮೆ ಅರಿತ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ಬಹುಮಾನ ಬಂದದ್ದು ಅನಿಲಕ್ಕೆ, ಪದಕ ಅಂಟಿದ್ದು ಡಬ್ಬಿಗೆ. ಇಗ್ನಾರೋ ಅವರಂತೂ ಮುಂದೆ ಹರ್ಬಲೈಫ್‌ನ ಅರ್ಜಿನೈನ್ ಪುಡಿಯ ಪ್ರಚಾರಕ್ಕೇ ನಿಂತರು.

ನೈವೇದ್ಯ ದೇವರಿಗೆ ಮುಟ್ಟುತ್ತದೆಯೇ? ನುಂಗಿದ್ದರಲ್ಲಿ ದೊಡ್ಡ ಪಾಲನ್ನು ಕರುಳು, ಯಕೃತ್ತುಗಳ ಅರ್ಜಿನೇಸ್ ಎಂಬ ಕಿಣ್ವ ದಾರಿಯಲ್ಲೇ ಒಡೆದುಬಿಡುತ್ತದೆ. ಹೊರಬರುವುದು ಯೂರಿಯಾ. ಹೀಗೆ ಭಕ್ತರ ಸಂಬಳದ ಒಂದಂಶ ಪ್ರತಿ ಬೆಳಿಗ್ಗೆ ಒಳಚರಂಡಿಗೆ ಅರ್ಪಿತ.

ಫಲ ಇಲ್ಲವೇ ಇಲ್ಲವೆಂದರೆ ನಾಸ್ತಿಕವಾದವಾದೀತು. ಬಿಪಿ ಕೆಲವು ಅಂಕ ಇಳಿದದ್ದುಂಟು. ಫ್ಯಾನ್ ನೋಡುವವರಲ್ಲಿ ಕೆಲವರಿಗೆ ಅಲ್ಪಸ್ವಲ್ಪ ಅನುಗ್ರಹವೂ ಆದದ್ದುಂಟು. ನಿಜವಾದ ವರ ಸಿಗುವುದು ಆಸ್ಪತ್ರೆಯಲ್ಲಿ: ಯೂರಿಯಾ ಚಕ್ರವೇ ಕೆಟ್ಟು ಹುಟ್ಟಿದ ಕೆಲವು ಶಿಶುಗಳಿಗೆ ಅದು ಪ್ರಾಣರಕ್ಷಕ, ಕುಳ್ಳಗುಳಿದ ಮಕ್ಕಳ ಬೆಳವಣಿಗೆಯ ಹಾರ್ಮೋನ್ ಪರೀಕ್ಷಿಸಲು ವೈದ್ಯರು ಅದನ್ನು ರಕ್ತನಾಳಕ್ಕೆ ಕೊಡುತ್ತಾರೆ. ಆದರೆ ಅಂಥ ಶಿಶುವಿನ ಚಿತ್ರ ಹಾಕಿದರೆ ಡಬ್ಬಿ ಖರ್ಚಾಗುತ್ತದೆಯೇ? ಚಿತ್ರಕ್ಕೆ ಎಣ್ಣೆ ಹಚ್ಚಿಕೊಂಡ ಎದೆಯೇ ಆಗಬೇಕು.

ಇನ್ನು ಕಥಾಶ್ರವಣ. ಅಮೆರಿಕದಲ್ಲಿ ಹೃದಯಾಘಾತವಾಗಿ ಬದುಕಿದ 153 ಜನರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ದಿನಕ್ಕೆ ಮೂರು ಸಲ ಅರ್ಜಿನೈನ್, ಇನ್ನೊಂದಕ್ಕೆ ಹುಸಿ ಮಾತ್ರೆ. ಅರ್ಜಿನೈನ್ ತಿಂದವರ ಹೃದಯವೇನೂ ಚುರುಕಾಗಲಿಲ್ಲ. ಅವರಲ್ಲಿ ಆರು ಜನ ತೀರಿಕೊಂಡರು. ಹುಸಿ ಮಾತ್ರೆಯ ಕಡೆ ಒಬ್ಬರೂ ಸಾಯಲಿಲ್ಲ. ಪ್ರಯೋಗವನ್ನು ನಡುವೆಯೇ ನಿಲ್ಲಿಸಿ, 2006ರಲ್ಲಿ ವರದಿ ಪ್ರಕಟಿಸಿದರು. ಈ ಅಧ್ಯಾಯವನ್ನು ಅಂಗಡಿಯ ಪುರೋಹಿತರು ಓದುವುದಿಲ್ಲ, ಮಂಗಳಾರತಿಗೆ ತಡವಾಗುತ್ತದಲ್ಲ!

ನಿಷೇಧಗಳೂ ಇವೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ನುಂಗುವವರು, ವಯಾಗ್ರಾ ಬಳಸುವವರು ಇದನ್ನೂ ಸೇರಿಸಿಕೊಂಡರೆ ಬಿಪಿ ಪಾತಾಳ ಕಾಣಬಹುದು. ಹೆಚ್ಚು ಭಕ್ತಿಗೆ ಹೊಟ್ಟೆಯುಬ್ಬರ, ವಾಕರಿಕೆ, ಭೇದಿ ಫಲ. ಎದ್ದು ನಿಲ್ಲಬೇಕೆಂದು ವ್ರತ ಹಿಡಿದವನು ಶೌಚಾಲಯದಲ್ಲಿ ಕೂತೇ ಇರುತ್ತಾನೆ.

ಬಡವರಿಗೆ ಪರ್ಯಾಯವಿದೆ. ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 3 ಗ್ರಾಂ ಅರ್ಜಿನೈನ್ ಇರುತ್ತದೆ. ಆದರೆ ಬಸವನಗುಡಿ ಪರಿಷೆಯಲ್ಲಿ ಸೇರು ಅಳೆದುಕೊಡುವ ಅಜ್ಜಿಗೆ ಇನ್‌ಸ್ಟಾಗ್ರಾಂ ಖಾತೆ ಇಲ್ಲ, ಹಾಗಾಗಿ ಅದು ಬರೀ ತಿಂಡಿ.

ಕಡೆಯದಾಗಿ, ಡಬ್ಬಿ ತಿರುಗಿಸಿ ನೋಡಿ. 'ಔಷಧೀಯ ಬಳಕೆಗಲ್ಲ' ಎಂಬ ಸಾಲು ಎಲ್ಲೋ ಇರುತ್ತದೆ. ಅಷ್ಟೂ ಬರಹದಲ್ಲಿ ನೆಟ್ಟಗೆ ಮಾತಾಡುವುದು ಅದೊಂದೇ. ಅದನ್ನೂ ಸರ್ಕಾರ ಗದರಿಸಿ ಬರೆಸಿದ್ದು.