ಸೂರ್ಯನಾರಾಯಣ ಸ್ವಾಮಿಯವರಿಗೆ ಹಾರನಹಳ್ಳಿಯಿಂದ ಬಹಿರಂಗ ಪತ್ರ

ವಿಷಯ: ತಮ್ಮ ಒಡಲಿನ ದಾಸ್ತಾನು ತಾಳೆಯಾಗದಿರುವ ಬಗ್ಗೆ.

ಮಾನ್ಯರೇ,

ಲೋಕದ ಕರ್ಮಕ್ಕೆಲ್ಲ ತಾವೇ ಸಾಕ್ಷಿ ಎಂದು ದಿನಾ ಕೈಮುಗಿಯುವವರು ನಾವು. ಸಾಕ್ಷಿಯ ಲೆಕ್ಕವನ್ನೂ ಒಮ್ಮೆ ನೋಡೋಣವೆಂದು ಈ ಅರ್ಜಿ.

ಮೊದಲನೆಯದು ಜಲಜನಕ. ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಜಲಜನಕವನ್ನು ಹೀಲಿಯಂ ಮಾಡುತ್ತೀರಿ, ಅದೂ ನಡುಗರ್ಭದ ಒಲೆಯಲ್ಲಿ ಮಾತ್ರ. ಅಲ್ಲಿಂದ ತ್ರಿಜ್ಯದ ಶೇ. 70ರವರೆಗೆ ಶಾಖ ಬೆಳಕಾಗಿ ಹೊರಬರುತ್ತದೆಯೇ ಹೊರತು ಅನಿಲ ಕುದಿದು ಮೇಲೆಕೆಳಗಾಗುವುದಿಲ್ಲ. ಕುದಿತವೆಲ್ಲ ಹೊರಗಿನ ಶೇ. 30ರಲ್ಲಿ, ನೋಡುವವರಿಗೆ ಕಾಣುವ ಕಡೆ! ಉಗ್ರಾಣ ತುಂಬಿದ್ದರೂ ಒಲೆಗೆ ಸೌದೆ ಇಳಿಯುತ್ತಿಲ್ಲ. ಸುಮಾರು 500 ಕೋಟಿ ವರ್ಷದ ಮೇಲೆ ಒಲೆ ಬರಿದಾದಾಗ ಹೊರಗೆ ಬೇಕಾದಷ್ಟು ಜಲಜನಕ ಬಿದ್ದಿರುತ್ತದೆ. ತಮ್ಮ ನೆರೆಯ ಪ್ರಾಕ್ಸಿಮಾ ಸೆಂಟಾರಿ ತಮ್ಮ ಎಂಟನೇ ಒಂದು ತೂಕದ ಕುಳ್ಳ. ಮಿತವಾಗಿ ಉರಿಸುತ್ತ, ಅಡಿಯಿಂದ ಮುಡಿಯವರೆಗೆ ಕಲಸಿಕೊಳ್ಳುತ್ತ, ಲಕ್ಷ ಕೋಟಿಗಟ್ಟಲೆ ವರ್ಷ ಬಾಳಲಿದೆ.

ಎರಡನೆಯದು ಲಿಥಿಯಂ. ತಮ್ಮ ಜೊತೆಗೇ ಹುಟ್ಟಿದ ಉಲ್ಕಾಶಿಲೆಗಳಲ್ಲಿ ಇರುವುದಕ್ಕೆ ಹೋಲಿಸಿದರೆ ತಮ್ಮ ಮೇಲ್ಮೈಯಲ್ಲಿ ಉಳಿದಿರುವುದು ಸುಮಾರು 150ರಲ್ಲಿ ಒಂದು ಪಾಲು. ಅದು ನಾಶವಾಗಲು ಸುಮಾರು 25 ಲಕ್ಷ ಡಿಗ್ರಿ ಬೇಕು. ಕುದಿಯುವ ಪದರದ ತಳದಲ್ಲಿರುವುದು ಸುಮಾರು 20 ಲಕ್ಷ. ಹರೆಯದಲ್ಲಿ ಒಂದಿಷ್ಟು ಸುಟ್ಟಿರಬಹುದು, ಅಷ್ಟಕ್ಕೇ ಲೆಕ್ಕ ಕೂಡುವುದಿಲ್ಲ. ಬೆರೆಸುವುದೇ ಇಲ್ಲವೆಂದ ಗಡಿಯಾಚೆಗೆ ಸದ್ದಿಲ್ಲದೆ ಮಾಲು ಸಾಗಿಸಿದ್ದೀರಿ ಎಂಬ ಗುಮಾನಿ ತಜ್ಞರದು. ಇಲ್ಲಿ ನಾವು ಮಂಡ್ಯದ ಮರ್ಲಗಲ್ಲದ 1,600 ಟನ್ ಲಿಥಿಯಂ ಅಂದಾಜಿಗೇ ಹಿಗ್ಗಿದವರು.

ಮೂರನೆಯದು ದಾನಧರ್ಮ. ನಮ್ಮೂರ ಸೋಮೇಶ್ವರ ಗುಡಿಯ ಬಳಪದ ಕಲ್ಲಿನಲ್ಲಿರುವ ಮೆಗ್ನೀಷಿಯಂಗೆ ತಮ್ಮ ಕಾಣಿಕೆ ಸೊನ್ನೆ. ತಮಗಿಂತ ಮೊದಲೇ ಬಾಳಿ ಸಿಡಿದ ದೈತ್ಯ ನಕ್ಷತ್ರಗಳು ಬೇಯಿಸಿ ಹಂಚಿದ ಸರಕು ಅದು. ಹೊಯ್ಸಳರ ಕಾಲದ ದಾನಿಗಳಿಗೆ ಶಾಸನಗಳಿವೆ, ಈ ದಾನಿಗಳಿಗೆ ಒಂದು ಸಾಲೂ ಇಲ್ಲ. ಅರ್ಘ್ಯ ಮಾತ್ರ ತಮಗೆ.

ತಮ್ಮ ಪರವಾಗಿಯೂ ಒಂದು ಮಾತುಂಟು. ತಮ್ಮಂಥ ನಕ್ಷತ್ರಗಳು ಕೆಂಪು ದೈತ್ಯಗಳಾಗಿ, ಗರ್ಭದ ಹೀಲಿಯಂ ಹೊತ್ತಿಕೊಂಡ ಮೇಲೆ, ಮೇಲ್ಮೈಯಲ್ಲಿ ಅಳಿದುಳಿದ ಲಿಥಿಯಂ ಸರಾಸರಿ 40 ಪಟ್ಟು ಏರುತ್ತದೆಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಈಶ್ವರ ರೆಡ್ಡಿ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದರು. ಅಂದರೆ ಬಾಕಿಯಲ್ಲಿ ಒಂದು ಕಂತಾದರೂ ಬಂದೇ ಬರುತ್ತದೆ. ಅಷ್ಟು ಹೊತ್ತಿಗೆ ಅರ್ಜಿದಾರನೂ ಅವನ ತಾಲ್ಲೂಕೂ ಬೆಂದುಹೋಗಿರುತ್ತವೆ. ಕಚೇರಿಯ ಪದ್ಧತಿಯನ್ನು ತಾವು ನಮ್ಮವರಿಂದ ಕಲಿತಿರೋ, ನಮ್ಮವರು ತಮ್ಮಿಂದ ಕಲಿತರೋ ಎಂಬುದಷ್ಟೇ ಇತ್ಯರ್ಥವಾಗಬೇಕು.

ಇಂತಿ,
ತಮ್ಮ ಬಿಸಿಲಿನ ವಿಧೇಯ ಫಲಾನುಭವಿ
ಹಾರನಹಳ್ಳಿ, ಅರಸೀಕೆರೆ ತಾಲ್ಲೂಕು