ಮುಂಗಡ ಕೃತಜ್ಞತೆ

ಕೋಸಿನ ರೇಟು ಬಿದ್ದುಹೋದರೆ ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿ ಬೆಟ್ಟದ ರೈತ ಇನ್ನು ಮುಂದೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬೆಳಿಗ್ಗೆ ಎದ್ದು ಕನ್ನಡಿ ಎದುರು ನಿಂತು, "ನನ್ನ ಬದುಕು ಸಮೃದ್ಧವಾಗಿದೆ, ಸಿಕ್ಕಿದ್ದಕ್ಕೆಲ್ಲ ನಾನು ಋಣಿ" ಎಂದುಕೊಂಡರೆ ಆಯಿತು. ಬಿಳಿ ಜುಬ್ಬಾ ತೊಟ್ಟವರು ದಿನಾ ಮೊಬೈಲಿನಲ್ಲಿ ಬಂದು ಇದನ್ನು ಹೇಳಿಕೊಡುತ್ತಿದ್ದಾರೆ. ಅಫರ್ಮೇಶನ್ ಅಂತ ಇದರ ಹೆಸರು. ಯೂರಿಯಾಗಿಂತ ಅಗ್ಗ, ಸಾಲಿನಲ್ಲಿ ನಿಲ್ಲಬೇಕಾಗಿಲ್ಲ, ದಾಸ್ತಾನು ಮುಗಿಯುವ ಭಯವಿಲ್ಲ.

ಬೀಜ ಹಳೆಯದೇ. ನೂರು ವರ್ಷದ ಹಿಂದೆ ಫ್ರಾನ್ಸಿನಲ್ಲಿ ಎಮಿಲ್ ಕೂಯೆ ಎಂಬ ಔಷಧಿ ಅಂಗಡಿಯವನು, ದಿನದಿಂದ ದಿನಕ್ಕೆ ತಾವು ಸುಧಾರಿಸುತ್ತಿದ್ದೇವೆಂದು ರೋಗಿಗಳ ಬಾಯಲ್ಲೇ ಜಪ ಮಾಡಿಸಿ ಹೆಸರು ಮಾಡಿದ. 2003ರಲ್ಲಿ ಅಮೆರಿಕದ ಎಮ್ಮನ್ಸ್ ಮತ್ತು ಮೆಕಲಫ್, ಪಡೆದದ್ದನ್ನು ನೆನೆದು ಬರೆದಿಡುವವರು ಕಿರಿಕಿರಿಗಳನ್ನು ಬರೆದಿಡುವವರಿಗಿಂತ ಗೆಲುವಾಗಿರುತ್ತಾರೆಂದು ತೋರಿಸಿದರು. ಸರಿಯೇ. ಆದರೆ 2009ರಲ್ಲಿ ಕೆನಡಾದ ಜೊಯಾನ್ ವುಡ್ ಮತ್ತು ಸಂಗಡಿಗರು ಕಂಡದ್ದು ಬೇರೆ: ತನ್ನ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯ ಇದ್ದವನಿಗೆ ಇಂಥ ಮಾತಿನಿಂದ ಕೊಂಚ ಹಿತ, ಇಲ್ಲದವನಿಗೆ ಮತ್ತಷ್ಟು ಬೇಸರ. ಬ್ಯಾಂಕಿನ ಸಾಲದ ಹಾಗೆ, ಇದ್ದವನಿಗೇ ಸಿಗುವಂಥದ್ದು.

ನೂರೆಂಟು ಸಲ ಹೇಳಿಕೊಳ್ಳಿ ಅನ್ನುತ್ತಾರೆ ಜುಬ್ಬಾದವರು. ನಮ್ಮ ಬೆಟ್ಟದಲ್ಲಿ ನೂರೆಂಟು ಅಂದರೆ ಇಬ್ಬರೇ ನೆನಪಾಗುವುದು. ಒಬ್ಬರು, 2000ದ ಜುಲೈ 30ರ ರಾತ್ರಿ ದೊಡ್ಡಗಾಜನೂರಿನ ಸ್ವಂತ ಮನೆಯಿಂದ ವೀರಪ್ಪನ್ ಎತ್ತಿಕೊಂಡು ಹೋಗಿ 108 ದಿನ ಕಾಡಿನಲ್ಲಿಟ್ಟುಕೊಂಡ ಅಣ್ಣಾವ್ರು. ಇನ್ನೊಬ್ಬರು, ಆಂಬುಲೆನ್ಸ್ ಡ್ರೈವರು.

ಜಪ ಮಾಡಲೇಬೇಕು ಅನ್ನುವುದಾದರೆ ಊರಿಗೆ ಹೊಂದುವಂತೆ ಮಾಡೋಣ. ತಾಳವಾಡಿ ಸೀಮೆಗೆಂದೇ ವಾರದ ಪಟ್ಟಿಯೊಂದು ಇಲ್ಲಿದೆ.

ಸೋಮವಾರ: 1956ರಲ್ಲಿ ರಾಜ್ಯಗಳನ್ನು ವಿಂಗಡಿಸುವಾಗ ಪಕ್ಕದ ಕೊಳ್ಳೇಗಾಲವನ್ನು ಮೈಸೂರಿಗೆ ಕೊಟ್ಟು, ಕನ್ನಡ ಮಾತಾಡುವ ನಮ್ಮನ್ನು ಮದರಾಸಿನಲ್ಲೇ ಉಳಿಸಿಕೊಂಡವರಿಗೆ ನಾನು ಋಣಿ. ಇಲ್ಲದಿದ್ದರೆ ಕೂಗಳತೆಯ ಚಾಮರಾಜನಗರದಲ್ಲೇ ಕೆಲಸ ಮುಗಿದು, ನೂರು ಕಿಲೋಮೀಟರಿಗೂ ಆಚೆಯ ಈರೋಡನ್ನು ಕಾಣುವ ಭಾಗ್ಯ ತಪ್ಪುತ್ತಿತ್ತು.

ಮಂಗಳವಾರ: ದಿಂಬಂ ಘಾಟಿಯ 27 ತಿರುವುಗಳಿಗೂ ಒಂದೊಂದು ವಂದನೆ. ಬಸ್ಸಿನಲ್ಲಿ ವಾಂತಿಯಾದರೆ ಅದು ಒಳಗಿನ ನಕಾರಾತ್ಮಕತೆ ಹೊರಗೆ ಹೋಗುವ ದಾರಿ.

ಬುಧವಾರ: 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆ ಘಾಟಿಯಲ್ಲಿ ರಾತ್ರಿ ಸಂಚಾರ ನಿಲ್ಲಿಸಲು ಹೇಳಿತು. ಗಾಡಿಗೆ ಸಿಕ್ಕಿ ಸಾಯುವ ಪ್ರಾಣಿಗಳಿಗೆ ಇದು ನ್ಯಾಯವೇ, ಅದರಲ್ಲಿ ತಕರಾರಿಲ್ಲ. ಮಾರ್ಕೆಟ್ಟಿಗೆ ಹೊರಟ ಟೊಮೆಟೊಗೂ ರಾತ್ರಿಯಿಡೀ ಧ್ಯಾನಕ್ಕೆ ಬಿಡುವು ಸಿಕ್ಕಿತು. ಬಾಡಿದ್ದು ಟೊಮೆಟೊ ಅಲ್ಲ, ಅದರ ಅಹಂಕಾರ.

ಗುರುವಾರ: ಶಾಲೆಗಳಲ್ಲಿ ತಮಿಳನ್ನು ಕಡ್ಡಾಯ ಮಾಡಿದ 2006ರ ತಮಿಳು ಕಲಿಕಾ ಕಾಯ್ದೆಗೆ ನಮಸ್ಕಾರ. ಕನ್ನಡ ಶಾಲೆಯ ಮಕ್ಕಳು ಅಕ್ಷರ ಕಲಿಯುವುದರೊಳಗೆ ಅವರ ಭಾಷೆಯ ಹಿರಿಯರು ವಿನಾಯಿತಿ ಕೇಳಿಕೊಂಡು ಕೋರ್ಟಿನ ಮೆಟ್ಟಿಲು ಎಣಿಸುವುದನ್ನು ಕಲಿತರು.

ಶುಕ್ರವಾರದ ಪಾಠಕ್ಕೆ ಗುರುವಾಗಿ ಆನೆಯೇ ಬರಬೇಕು. ಈ ಸೀಮೆಯಲ್ಲಿ ಅಫರ್ಮೇಶನ್ ಸಿದ್ಧಿಸಿಕೊಂಡಿರುವುದು ಆನೆ ಒಂದೇ. "ಲೋಕ ಸಮೃದ್ಧವಾಗಿದೆ, ನನಗೆ ಬೇಕಾದದ್ದು ತಾನಾಗಿ ಒದಗುತ್ತದೆ" ಎಂಬ ಪೂರ್ಣ ನಂಬಿಕೆಯಿಂದ ಅದು ಕಬ್ಬಿನ ಗದ್ದೆಗೆ ಇಳಿಯುತ್ತದೆ, ಒದಗುತ್ತದೆ ಕೂಡ. ಕರುಪ್ಪನ್ ಎಂದು ಹೆಸರಾದ ಒಂಟಿ ಸಲಗ ಈ ನಂಬಿಕೆಯಲ್ಲಿ ಎಷ್ಟು ದೃಢವಾಗಿತ್ತೆಂದರೆ, ಸಾಕಾನೆಗಳನ್ನು ಕರೆಸಿ ಅರಿವಳಿಕೆ ಚುಚ್ಚಿ 2023ರ ಏಪ್ರಿಲ್‌ನಲ್ಲಿ ಹಿಡಿಯುವ ತನಕ ಅರಣ್ಯ ಇಲಾಖೆಗೇ ಸಕಾರಾತ್ಮಕ ಚಿಂತನೆ ಬೇಕಾಗಿತ್ತು. ಕಬ್ಬು ಕಳೆದುಕೊಂಡವನಿಗೆ ಬೇಕಾದದ್ದು ಪರಿಹಾರ. ಅದು ತಾನಾಗಿ ಒದಗುವುದಿಲ್ಲ, ಪಟ್ಟಾ ಹಿಡಿದು ಅಲೆದರೂ ಒದಗುವುದು ಅನುಮಾನ.

ಶನಿವಾರ, ಭಾನುವಾರ ರಜೆ. ಆ ಎರಡು ದಿನ ಹಾಸನೂರಿನ ಕಡೆಗೆ ರಿಸಾರ್ಟಿನವರು ಬರುತ್ತಾರೆ, ಕೃತಜ್ಞತೆಯನ್ನು ಅವರೇ ನೋಡಿಕೊಳ್ಳುತ್ತಾರೆ.

ಹಾಗಂತ ನಮ್ಮವರಿಗೆ ಉಪಕಾರಸ್ಮರಣೆ ಗೊತ್ತಿಲ್ಲವೆಂದಲ್ಲ. ಮಳೆ ಬಂದರೆ, ಮಗು ಹುಷಾರಾದರೆ, ಕಳೆದ ಹಸು ಸಿಕ್ಕರೆ ಬೆಟ್ಟ ಹತ್ತಿ ಮಾದಪ್ಪನಿಗೆ ಮುಡಿ ಕೊಡುತ್ತಾರೆ, ಬಣ್ಣಾರಿ ಅಮ್ಮನ ಕೊಂಡ ಹಾಯುತ್ತಾರೆ. ಕೆಂಡದ ಮೇಲೆ ನಡೆಯುವುದಕ್ಕಿಂತ ದೊಡ್ಡ ಥ್ಯಾಂಕ್ಸ್ ಯಾವ ಆ್ಯಪಿನಲ್ಲೂ ಇಲ್ಲ. ಆದರೆ ಹರಕೆಗೆ ಒಂದು ಕರಾರುಂಟು: ಮೊದಲು ಕೆಲಸ, ಆಮೇಲೆ ಕಾಣಿಕೆ. ಮಳೆಯನ್ನೇ ಕಾಣದೆ "ಮಳೆ ಸುರಿಸಿದ್ದಕ್ಕೆ ಋಣಿ" ಎಂದು ನಿತ್ಯ ಹೇಳಿಕೊಳ್ಳುವ ಪದ್ಧತಿ ಇಲ್ಲಿ ನಡೆಯದು. ನಮ್ಮ ಅಜ್ಜಿಯರನ್ನು ಕೇಳಿದರೆ, "ಮಾದಪ್ಪನ್ಗೇ ಮುಂಗಡ ಕೊಡಕಿಲ್ಲ ನಾವು, ಇವ್ರಿಗ್ಯಾಕಪ್ಪ ಕೊಡಾದು?" ಅಂದಾರು.

ಮನಸ್ಸಿನ ಕಸ ಹೊರಹಾಕುವ ವಿದ್ಯೆಯೂ ಇಲ್ಲಿ ಆಗಲೇ ಇದೆ. ದೀಪಾವಳಿಯ ಮಾರನೆಯ ದಿನ ಗುಮಟಾಪುರದಲ್ಲಿ ಗೊರೆಹಬ್ಬ. ದನ ಸಾಕಿದ ಮನೆಗಳಿಂದ ಸಗಣಿ ತಂದು ಬೀರೇಶ್ವರನ ಗುಡಿಯ ಹತ್ತಿರ ಗುಡ್ಡೆ ಹಾಕಿ, ಪೂಜೆ ಮುಗಿದ ಮೇಲೆ ಗಂಡಸರು ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎಸೆದಾಡುತ್ತಾರೆ. ಚಾಡಿಕೋರನ ಮೆರವಣಿಗೆಯೂ ಉಂಟು. ಕಹಿಯನ್ನು ಕನ್ನಡಿಯ ಮುಂದೆ ನುಂಗಿಕೊಳ್ಳದೆ ಎದುರಿಗಿದ್ದವನಿಗೆ ಎಸೆದುಬಿಡುವ ಇಂಥ ಚಿಕಿತ್ಸೆಯನ್ನು ಯಾವ ಪ್ರೊಫೆಸರೂ ಅಳೆದಂತಿಲ್ಲ.

ನೋಡಿ, ಈ ದಿನನಿತ್ಯದ ಜಪವನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಬಾಯಿ ಬದಲಾಯಿಸಿ ಅನ್ನುತ್ತಿದ್ದೇನೆ. ಅಧಿಕಾರಿಗಳು ಬೆಳಿಗ್ಗೆ ಹತ್ತಕ್ಕೆ ಕುರ್ಚಿಯ ಮುಂದೆ ನಿಂತು, "ಬೆಂಕಿಪೆಟ್ಟಿಗೆ ಕೊಂಡಾಗಲೂ ತೆರಿಗೆ ಕಟ್ಟುವವನಿಂದ ನನ್ನ ಸಂಬಳ ಬರುತ್ತದೆ, ಅವನಿಗೆ ನಾನು ಋಣಿ" ಎನ್ನಲಿ. ಮಂಡಿಯವರು ತಕ್ಕಡಿ ಎತ್ತುವ ಮೊದಲು, "ಈ ಆಲೂಗಡ್ಡೆ ಮೂಟೆಯೊಳಗೆ ಹುಟ್ಟಿದ್ದಲ್ಲ" ಎಂದು ಮೂರು ಸಲ ಹೇಳಲಿ. ರಿಸಾರ್ಟಿನವರು, "ನನ್ನ ಕ್ಯಾಮರಾಕ್ಕೆ ಸಿಗುವ ಮೊದಲು ಈ ಆನೆ ಇನ್ನೊಬ್ಬನ ಜೋಳ ಮೇಯ್ದು ಬಂದಿದೆ" ಎಂದು ನೆನೆಯಲಿ. ನೂರೆಂಟು ಸಲ ಬೇಡ, ಒಂದು ಸಲ ಸಾಕು. ಆಮೇಲೆ ಬಾಕಿ ಹಣ ಎಣಿಸಿ ಕೊಡಲಿ. ಕೊಟ್ಟ ದಿನವೇ ನಮ್ಮ ಕೃತಜ್ಞತೆಯನ್ನು ರಸೀದಿ ಸಮೇತ ಸಲ್ಲಿಸುತ್ತೇವೆ. ಮುಂಗಡ ಮಾತ್ರ ಕೊಡಕಿಲ್ಲ.