ಅರ್ಜಿಮಣಿದರ್ಪಣಂ

ಕೇಶಿರಾಜ 13ನೆಯ ಶತಮಾನದಲ್ಲೇ ಕನ್ನಡಕ್ಕೆ ವ್ಯಾಕರಣ ಬರೆದಿಟ್ಟ. ಆನ್‌ಲೈನ್ ಅರ್ಜಿಗೆ ಮಾತ್ರ ಇಂದಿಗೂ ವ್ಯಾಕರಣವಿಲ್ಲ. ಮನೆಯ ಖಾತೆ ಬದಲಾಯಿಸಲು ಹೊರಟು ಮೂರು ಸಲ ತಾನಾಗಿಯೇ ಲಾಗ್‌ಔಟ್ ಆದ ಪಾಂಡಿತ್ಯದ ಬಲದಿಂದ, ಸೂತ್ರ, ವೃತ್ತಿ, ಪ್ರಯೋಗಗಳ ಸಮೇತ ಆ ಕೊರತೆಯನ್ನು ಇಲ್ಲಿ ನೀಗಿದ್ದೇನೆ.

ಸೂತ್ರ 1: ಬೇಕಾದುದೆಲ್ಲವನ್ನೂ ಮೊದಲೇ ಹೇಳತಕ್ಕದ್ದು.

ವೃತ್ತಿ: ಈ ವಿದ್ಯೆಯ ಆದ್ಯಪ್ರವರ್ತಕರು ಪುರೋಹಿತರು. ಸತ್ಯನಾರಾಯಣ ಪೂಜೆಗೆ ಎರಡು ದಿನ ಮೊದಲೇ ಚೀಟಿ ಬರುತ್ತದೆ: ಅರಿಶಿನ, ಕುಂಕುಮ, ವೀಳ್ಯದೆಲೆ, ತೆಂಗಿನಕಾಯಿ, ಸಪಾದಭಕ್ಷ್ಯಕ್ಕೆ ಒಂದೂಕಾಲು ಪಾಲು ರವೆ. ಕಳಶ ಇಟ್ಟ ಮೇಲೆ “ತುಪ್ಪ ಇಲ್ಲವೇ? ಹಾಗಾದರೆ ಸ್ನಾನದಿಂದ ಶುರುಮಾಡಿ” ಎಂದ ಪುರೋಹಿತರನ್ನು ಕಂಡವರಿಲ್ಲ.

ಪ್ರಯೋಗ: ಅರ್ಜಿ ನನ್ನನ್ನು ಇಸಿ (ಋಣಭಾರ ಪ್ರಮಾಣಪತ್ರ) ಕೇಳಿದ್ದು ಏಳನೆಯ ಪುಟದಲ್ಲಿ. ಬೀರುವಿನಿಂದ ತೆಗೆದು, ಸ್ಕ್ಯಾನ್ ಮಾಡಿ, ಕೇಳಿದಷ್ಟು ಕೆಬಿಗೆ ಕುಗ್ಗಿಸಿ ತರುವಷ್ಟರಲ್ಲಿ “ಸೆಷನ್ ಮುಗಿದಿದೆ”. ಮತ್ತೆ ಒಂದನೆಯ ಪುಟ: “ನಿಮ್ಮ ಹೆಸರು?”

ಸೂತ್ರ 2: ಪ್ರತಿ ಕೆಲಸದ ಪಕ್ಕದಲ್ಲೂ ಅದರ ಗತಿ ಬರೆದಿರತಕ್ಕದ್ದು.

ವೃತ್ತಿ: ಬ್ರಿಟನ್ ಸರ್ಕಾರದ ಗವ್.ಯುಕೆ ವಿನ್ಯಾಸಕಾರರು “ಮುಗಿದಿದೆ” ಎಂಬುದನ್ನು ಸಾದಾ ಅಕ್ಷರದಲ್ಲಿ ಬರೆದು, ಬಣ್ಣವನ್ನು ಬಾಕಿ ಕೆಲಸಕ್ಕೆ ಮೀಸಲಿಡುತ್ತಾರೆ. ಶೆಟ್ಟರ ಸಾಲದ ಪುಸ್ತಕದ ತತ್ವವೂ ಇದೇ: ತೀರಿದ್ದಕ್ಕೆ ಗೀಟು, ತೀರದ್ದರ ಮೇಲೆ ಬೆರಳು.

ಪ್ರಯೋಗ: ನನ್ನ ಅರ್ಜಿಯಲ್ಲಿ ಎಲ್ಲವೂ ಹಸಿರು, ಸಲ್ಲಿಸುವ ಗುಂಡಿಯೊಂದು ಬೂದು. ಕಾರಣ ಗುಂಡಿಗೇ ಗೊತ್ತು.

ಸೂತ್ರ 3: ಅರ್ಧಕ್ಕೆ ಬಿಟ್ಟವನು ಬಿಟ್ಟಲ್ಲಿಂದಲೇ ಹಿಡಿಯುವಂತಿರತಕ್ಕದ್ದು.

ವೃತ್ತಿ: ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತದ್ದೇ ಹೆಚ್ಚು ನೆನಪಿರುತ್ತದೆಂದು ಮನೋವಿಜ್ಞಾನಿ ಬ್ಲೂಮಾ ಜೈಗಾರ್ನಿಕ್ 1927ರಲ್ಲಿ ಪ್ರತಿಪಾದಿಸಿದರು. ಇದು ಮನುಷ್ಯರ ಮಾತು, ಸರ್ವರ್‌ಗೆ ಅನ್ವಯಿಸದು.

ಪ್ರಯೋಗ: ನಿದ್ದೆಯಲ್ಲಿ ಅರ್ಜಿ ಸಂಖ್ಯೆ ಕನವರಿಸುತ್ತೇನಂತೆ, ಮನೆಯವಳು ಸಾಕ್ಷಿ.

ಪೂರ್ವಪಕ್ಷ: ಹಂತಗಳೆಷ್ಟೆಂದು ಮೊದಲೇ ಹೇಳಿದರೆ ಜನ ಹೆದರಿ ಓಡರೇ?

ಸಿದ್ಧಾಂತ: ಓಡರು. ಚಾಮುಂಡಿಬೆಟ್ಟಕ್ಕೆ ಸಾವಿರ ಮೆಟ್ಟಿಲೆಂದು ಗೊತ್ತಿದ್ದೇ ಹತ್ತುತ್ತಾರೆ. ಹರಕೆ ಹೊತ್ತವರು ಹತ್ತಿದ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾರೆ. ಎಲ್ಲಿಗೆ ಬಂದೆವೆಂದು ಕೆಳಗಿನವರಿಗೂ ಕಾಣುತ್ತದೆ. ನಡುವೆ ದೊಡ್ಡ ನಂದಿಯ ಬಳಿ ಕೂತು ಸುಧಾರಿಸಿಕೊಂಡವರನ್ನು ಯಾವ ದೇವಿಯೂ ಮೊದಲ ಮೆಟ್ಟಿಲಿಗೆ ಅಟ್ಟಿಲ್ಲ.

ಫಲಶ್ರುತಿ: ಇದನ್ನು ಓದಿದವರ ಅರ್ಜಿ ಏಳನೆಯ ಪುಟ ದಾಟುವುದು. ಬರೆದವನದು ಈಗಷ್ಟೇ ದಾಟಿದೆ. ಓಟಿಪಿ ಬಂದಿದೆ; ಓದಲು ಕನ್ನಡಕ ಹುಡುಕುತ್ತಿದ್ದೇನೆ. ಅದು ಪಟ್ಟಿಯಲ್ಲಿರಲಿಲ್ಲ.